ಕೆಮ್ಮುತ್ತಿದ್ದೆ, ಕೆಮ್ಮುತ್ತಿದ್ದಿ, ಕೆಮ್ಮುತ್ತಿದ್ದಳು

ಭರಮವ್ವ ಕೆಮ್ಮಿದಳು. ಅವಳನ್ನು ಕೆಲಸದಿಂದ ತೆಗೆದರು.

1

ಹೀಗೆ ಶುರುಮಾಡಬಹುದೇ? ಎರಡೇ ವಾಕ್ಯಕ್ಕೆ ಎಲ್ಲ ಹೇಳಿ ಮುಗಿಯಿತಲ್ಲ, ಉಳಿದ ಪುಟಗಳಲ್ಲಿ ನಾನೇನು ಮಾಡಲಿ? ಹಾವೇರಿಯ ನಮ್ಮ ಭಾನುವಾರದ ಓದುಕೂಟದಲ್ಲಿ ಇಷ್ಟನ್ನೇ ಓದಿ ಕೂತೆ. ಹನುಮಪ್ಪ ಮಾಸ್ತರರು ಕನ್ನಡಕವನ್ನು ಹಣೆಗೇರಿಸಿ, "ಕವಿತಾ ಚಲೋ ಐತಿ," ಅಂದರು.

"ಕಥಿರೀ ಸರ್."

"ಹಂಗಾದ್ರ ಹಿನ್ನೆಲಿ ಎಲ್ಲೈತಿ? ಬಂಡವಾಳಶಾಹಿ ಎಲ್ಲೈತಿ? ಜಾಗತೀಕರಣ ಎಲ್ಲೈತಿ?"

ಜಾಗತೀಕರಣ ಹತ್ತೂವರೆಗೆ ಬರುತ್ತದೆ ಸರ್, ಕಾರಿನಲ್ಲಿ. ಸ್ವಲ್ಪ ತಡೆಯಿರಿ. ಅಲ್ಲಿಯವರೆಗೆ ಇನ್ನೊಂದು ಆರಂಭ:

ಬ್ಯಾಡಗಿಯ ಮೇಲೆ ಸೂರ್ಯ ಮೂಡುತ್ತಿದ್ದ. ಕಣ್ಣು ಹಾಯುವಷ್ಟು ದೂರ ಮೆಣಸಿನಕಾಯಿಯ ಕೆಂಪು ಹಾಸು...

(ಬೇಡ. ಈ ಕೆಂಪು ಹಾಸನ್ನು ಇಲ್ಲಿಯತನಕ ಎಷ್ಟು ಮಂದಿ ಪತ್ರಿಕೆಯವರು ಹಾಸಿದ್ದಾರೆಂದರೆ, ನಮ್ಮ ಕಡೆ ಮೆಣಸಿನಗಿಡ ಕಾಯಿ ಬಿಡುವುದೇ ಫೋಟೋ ತೆಗೆಸಿಕೊಳ್ಳಲಿಕ್ಕೆ ಅನ್ನಬೇಕು. ಹಾಸಿನ ಮೇಲೆ ಕುಂತವರು ಕೆಮ್ಮುತ್ತಿರುತ್ತಾರೆ. ಅದು ಫೋಟೋದಲ್ಲಿ ಬೀಳುವುದಿಲ್ಲ.)

1, ಮತ್ತೊಮ್ಮೆ

ನಸ್ರೀನಳಿಂದ ಶುರುಮಾಡುತ್ತೇನೆ. ಅವಳಿಗೆ ಇಪ್ಪತ್ನಾಲ್ಕು. ಬಿ.ಕಾಂ. ಮಾಡಿ, ಬ್ಯಾಡಗಿಯಲ್ಲಿ ಪುಂಡಲೀಕ ಎಂಬಾತನ ಶೆಡ್ಡಿನ ಆಫೀಸಿನಲ್ಲಿ ಕೂತು, ಮಾದರಿ ಮೆಣಸಿನಕಾಯಿಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಚೀಟಿ ಹಚ್ಚುತ್ತಾಳೆ. ಶೆಡ್ಡಿನೊಳಗೆ ಹೆಣ್ಣುಮಕ್ಕಳು ಸಾಲಾಗಿ ಕುಂತು ಒಣಕಾಯಿಯ ತುಂಬು ಬಿಡಿಸುತ್ತಾರೆ. ತುಂಬು ಅಂದರೆ ತೊಟ್ಟು. ಹೆಬ್ಬೆರಳ ಉಗುರಿನಿಂದ ಒಂದು ಸಣ್ಣ ತಿರುವು, ಚಟ್ ಅಂತ ಬರಬೇಕು, ಕಾಯಿ ಒಡೆಯಬಾರದು, ಬೀಜ ಚೆಲ್ಲಬಾರದು. ನಸ್ರೀನಳ ತಾಯಿ ಕುಲ್ಸುಮಬಿ ಇಪ್ಪತ್ತೊಂದು ವರ್ಷ ಆ ಸಾಲಿನಲ್ಲಿ ಕುಂತವಳು. ಮಗ್ಗುಲಲ್ಲಿ ಭರಮವ್ವ. ಅವರಿಬ್ಬರ ನಡುವಿನ ಖಾಲಿ ಚೀಲದ ಮೇಲೆ ನಸ್ರೀನ್ ಮಲಗಿ, ತೆವಳಿ, ಎದ್ದು ನಡೆದು ದೊಡ್ಡವಳಾದಳು. ಕುಲ್ಸುಮಬಿಯ ಎದೆ ಕಟ್ಟಿ ನಾಲ್ಕು ವರ್ಷವಾಯಿತು. ಈಗ ಮನೆಯಲ್ಲೇ ಕುಂತು ಕೆಮ್ಮುತ್ತಾಳೆ. ಭರಮವ್ವನನ್ನು ನಸ್ರೀನ್ ಕರೆಯುವುದು ದೊಡ್ಡವ್ವ ಅಂತ.

ಕಳೆದ ಶ್ರಾವಣದಲ್ಲಿ ಪುಂಡಲೀಕ ಅವಳನ್ನು ಕರೆದ. ಸ್ಪೇನ್ ದೇಶದ ಕಂಪನಿಯೊಂದಕ್ಕೆ ನಮ್ಮ ಕಾಯಿಯ ಬಣ್ಣ ಬೇಕಾಗಿತ್ತು. ಕಾಯಿ ಒಪ್ಪುವ ಮೊದಲು ಅವರ ಕಡೆಯ ಹೆಣ್ಣುಮಗಳೊಬ್ಬಳು ಬಂದು ಶೆಡ್ಡು ನೋಡುತ್ತಾಳಂತೆ.

"ಬರೇ ಕಾಯಿ ನೋಡಿ ಹೋಗೂದಿಲ್ಲಂತ, ಮಂದೀನ ಹೆಂಗ ಇಟ್ಟೀರಿ ಅಂತ ಅದನ್ನೂ ನೋಡ್ತಾಳಂತ. ಆರು ತಿಂಗಳ ಟೈಮ್ ಐತಿ. ನೀ ಸ್ಪ್ಯಾನಿಶ್ ಕಲಿ."

"ಅವರಿಗೆ ಇಂಗ್ಲಿಷ್ ಬರ್ತೈತಲ್ರೀ?"

"ನನಗ ಬರೂದಿಲ್ಲ."

"ಸ್ಪ್ಯಾನಿಶ್ ಬರ್ತೈತೇನ್ರಿ?"

"ಅದೂ ಬರೂದಿಲ್ಲ. ಆದ್ರ ಆಜೂಬಾಜೂ ಶೆಡ್ಡಿನವರಿಗೂ ಬರೂದಿಲ್ಲ ನೋಡು. ಅದು ಮುಖ್ಯ."

(ಜಾಗತೀಕರಣದ ಬಗ್ಗೆ ಓದುಕೂಟದಲ್ಲಿ ನಾವು ಮೂರು ವರ್ಷ ಓದಿದ ಪುಸ್ತಕಗಳಲ್ಲಿ ಇಷ್ಟು ಸ್ವಚ್ಛವಾದ ವಿವರಣೆ ಎಲ್ಲೂ ಇರಲಿಲ್ಲ.)

2

ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಬೀಜದ ಅಂಗಡಿಯ ಮಾಳಿಗೆಯ ಮೇಲೆ ಮಧು ಸರ್ ಕ್ಲಾಸು. ಮಧು ಸರ್ ಐದು ವರ್ಷ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದವರು. ಅಲ್ಲಿ ಮೆಕ್ಸಿಕೋ, ಪೆರು ಕಡೆಯ ಅಡುಗೆಯವರು ಬೈಯುವುದನ್ನು ಕೇಳಿ ಕೇಳಿ ಭಾಷೆ ಬಂತು. ಬೈಗುಳ ಮೊದಲು, ವ್ಯಾಕರಣ ಆಮೇಲೆ. ವಾರಕ್ಕೆರಡು ಸಲ ನಸ್ರೀನ್ ಬ್ಯಾಡಗಿಯಿಂದ ಬಸ್ಸು ಹಿಡಿದು ಹೋಗುವಳು. ಕೈಯಲ್ಲಿ ಇನ್ನೂರು ಪುಟದ ನೋಟುಬುಕ್ಕು, ಅದರ ತುಂಬ ಮೆಣಸಿನ ಘಾಟು. ಮೊದಲ ದಿನವೇ ಮುಂದಿನ ಬೆಂಚಿನವರು ಸೀನಿದರು.

ಫೆಬ್ರವರಿಯಲ್ಲಿ ಆ ಪಾಠ ಬಂತು. ಇದ್ದರೆ, ಆದರೆ, ಹಾಗಾಗಿದ್ದರೆ ಹೀಗಾಗುತ್ತಿತ್ತು ಅನ್ನುವ ಪಾಠ. ಪುಸ್ತಕದಲ್ಲಿ ಉದಾಹರಣೆಗೆ ಮೂರು ಕ್ರಿಯಾಪದ ಕೊಟ್ಟಿದ್ದರು: ಮಾತಾಡು, ತಿನ್ನು, ಬದುಕು. ಸ್ಪೇನಿನವರಿಗೆ ಇಷ್ಟು ಸಾಕಾಗುತ್ತದೆ.

"ಸರ್, ಕೆಮ್ಮೂದಕ್ಕ ಏನಂತಾರ್ರಿ?" ನಸ್ರೀನ್ ಕೇಳಿದಳು.

ಮಧು ಸರ್ ನಕ್ಕರು. "ಹಡಗಿನ್ಯಾಗ ಮೆಕ್ಸಿಕೋದಾಂವ ಒಣಕಾಯಿ ಹುರದಾಗೆಲ್ಲ ಅದ ಒಂದ ಶಬ್ದ. ತೊಸೆರ್. ಭಾಳ ಸಂಭಾವಿತ ಕ್ರಿಯಾಪದ ಅದು, ಎಲ್ಲೂ ಹಟ ಮಾಡೂದಿಲ್ಲ. ಇಲ್ಲಿ ನೋಡು." ಅವಳ ಚೀಲದಿಂದಲೇ ಉದುರಿದ ಒಂದು ಕಾಯಿಯನ್ನು ಎತ್ತಿ ಹಿಡಿದರು. "ಇವತ್ತು ಕೆಮ್ಮತೇನಿ ಅಂತ ಹೇಳೂದಿದ್ರ, ಕೊನ್ಯಾಗಿನ 'ಎರ್' ಅನ್ನೂ ತುಂಬು ಮುರದು ಒಗದು, 'ಒ' ಹಚ್ಚು. ತೋಸೊ. ಆತ? ಆದ್ರ 'ಹಂಗಾಗಿದ್ರ ಕೆಮ್ಮತಿದ್ದೆ' ಅನ್ನೂದಕ್ಕ ತುಂಬು ಮುರೀಬ್ಯಾಡ. ಇಡೀ ಕಾಯಿ ಹಂಗ ಇಟ್ಟು, ತುಂಬಿಗೇ ಒಂದು ಬಾಲ ಕಟ್ಟು. ಈಯಾ."

ಹುಟ್ಟಿದಾಗಿನಿಂದ ತುಂಬು ಮುರಿಯುವುದನ್ನೇ ನೋಡಿದವಳಿಗೆ, ಮುರಿಯದೆ ಬಿಡುವುದೂ ಒಂದು ವಿದ್ಯೆ ಅನ್ನುವುದು ಹೊಸದು. ಬರೆದುಕೊಂಡಳು:

ತೊಸೆರಿಯಾ: ನಾನು ಕೆಮ್ಮುತ್ತಿದ್ದೆ
ತೊಸೆರಿಯಾಸ್: ನೀನು ಕೆಮ್ಮುತ್ತಿದ್ದಿ
ತೊಸೆರಿಯಾ: ಅವಳು ಕೆಮ್ಮುತ್ತಿದ್ದಳು
ತೊಸೆರಿಯಾಮೊಸ್: ನಾವು ಕೆಮ್ಮುತ್ತಿದ್ದೆವು
....................
ತೊಸೆರಿಯಾನ್: ಅವರು ಕೆಮ್ಮುತ್ತಿದ್ದರು

"ಸರ್, ಐದನೇದು?"

"ಅದು 'ನೀವೆಲ್ಲಾರೂ' ಅನ್ನೂದು. ಸ್ಪೇನಿನವರ ಚಟ ಅದು. ನಮ್ಮ ಹಡಗಿನ್ಯಾಗ ಯಾರೂ ಅಂತಿದ್ದಿಲ್ಲ, ನನಗೂ ಬರೂದಿಲ್ಲ. ಖಾಲಿ ಬಿಡು."

"ಬರಾಕಿ ಸ್ಪೇನಿನಾಕೀನ ಅದಾಳಲ್ರೀ ಸರ್."

"ಒಬ್ಬಾಕಿ ಬರ್ತಾಳಲ್ಲ? ಒಬ್ಬಾಕಿ ಜೋಡಿ ಮಾತಾಡಾಕ ಎಲ್ಲಾರೂ ಯಾಕ ಬೇಕು?"

(ಓದುಗರೇ, ನನ್ನ ಕಥೆಗೂ ಆರು ಭಾಗ ಮಾಡಬೇಕೆಂದು ಆಗ ಹೊಳೆಯಿತು. ನಾನು, ನೀನು, ಅವಳು, ನಾವು, ನೀವು, ಅವರು. ಎಷ್ಟು ಅಂದ! ಓದುಕೂಟದಲ್ಲಿ 'ರಚನೆ' ಎಂದು ತಲೆದೂಗುತ್ತಾರೆ. ಆದರೆ ಐದನೆಯದು ಮಧು ಸರ್‌ಗೇ ಬಾರದೆಂದ ಮೇಲೆ ನನಗೆಲ್ಲಿಂದ ಬರಬೇಕು? ಸದ್ಯಕ್ಕೆ ಖಾಲಿ ಬಿಟ್ಟಿರುತ್ತೇನೆ.)

(ಇನ್ನೊಂದು ಮಾತು. ಕನ್ನಡದಲ್ಲಿ 'ಕೆಮ್ಮುತ್ತಿದ್ದೆ' ಎಂದರೆ ದಿನಾ ಕೆಮ್ಮುತ್ತಿದ್ದೆ ಅಂತಲೂ ಆಯಿತು, ಹಾಗಾಗಿದ್ದರೆ ಕೆಮ್ಮುತ್ತಿದ್ದೆ ಅಂತಲೂ ಆಯಿತು. ನಡೆದದ್ದಕ್ಕೂ ನಡೆಯದೆ ಹೋದದ್ದಕ್ಕೂ ನಮ್ಮಲ್ಲಿ ಒಂದೇ ಬಾಲ. ಮಾಲೀಕರಿಗೆ ಇದರಷ್ಟು ಅನುಕೂಲದ ಭಾಷೆ ಇನ್ನೊಂದಿಲ್ಲ.)

3

ಹೆಣ್ಣುಮಗಳು ಬರುವುದಕ್ಕೆ ಎಂಟು ದಿನ ಮೊದಲು ಪುಂಡಲೀಕ ತಾಲೀಮು ಇಟ್ಟ. ನಾಟಕದ ತಾಲೀಮಿನ ಹಾಗೆಯೇ. ಸ್ಪೇನಿನವಳ ಪಾರ್ಟು ನಸ್ರೀನಳಿಗೆ. ತನ್ನ ಹೆಂಡತಿಯ ಕಪ್ಪು ಕನ್ನಡಕ ತಂದು ಹಾಕಿಸಿದ. ಹೆಣ್ಣುಮಕ್ಕಳಿಗೆ ಒಂದೇ ಅಪ್ಪಣೆ: "ಆಕಿ ಶೆಡ್ಡಿನ್ಯಾಗ ಇರೂತನಕ ಯಾರೂ ಕೆಮ್ಮಂಗಿಲ್ಲ."

ಕೆಮ್ಮು ತಡೆಯುವುದು ಅವರಿಗೆ ಹೊಸದೇನಲ್ಲ. ಪ್ರತಿಯೊಬ್ಬಳ ಸೆರಗಿನ ಗಂಟಿನಲ್ಲಿ ಬೆಲ್ಲದ ಹಳಕು ಇರುತ್ತದೆ. ಗಂಟಲು ಕೆರೆದರೆ ಒಂದು ಹಳಕು ದವಡೆಗೆ. ಮಗ್ಗುಲಿನವಳ ಉಸಿರು ಬಿಗಿಯಿತೋ, ಮುಖ ನೋಡದೆ, ಕೈ ನಿಲ್ಲಿಸದೆ, ಗಂಟು ಬಿಚ್ಚಿ ಅವಳ ಮುಂದೆ ಒಂದು ಹಳಕು ಇಡುವುದು. ಕೇಳುವಂತಿಲ್ಲ, ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ. ಆ ಸಾಲಿನಲ್ಲಿ ಯಾರೂ ಬರೆದಿಡದ ಕಾನೂನು ಅದು.

ಭರಮವ್ವನ ಜಾಗ ಎರಡನೇ ಕಂಬದ ಬುಡ. ತಗಡಿನ ತೂತಿನಿಂದ ಅಲ್ಲಿ ಬೆಳಕು ಬೀಳುತ್ತದೆ. ಮೂವತ್ತೊಂದು ವರ್ಷದಿಂದ ಬೆನ್ನು ಒರಗಿ ಒರಗಿ ಕಂಬದ ಸುಣ್ಣ ಅಲ್ಲಿ ಮಾತ್ರ ನುಣುಪಾಗಿದೆ.

ನಸ್ರೀನ್ ಕಪ್ಪು ಕನ್ನಡಕ ಹಾಕಿಕೊಂಡು, ನೋಟುಬುಕ್ಕು ಹಿಡಿದು, ಮೇಡಮ್ಮಿನ ಹಾಗೆ ನಡೆದು ಬಂದು, ಕಂಬದ ಮುಂದೆ ನಿಂತಳು. ಏನಾದರೂ ಕೇಳಬೇಕಲ್ಲ, ಬಾಯಿಗೆ ಬಂದದ್ದನ್ನು ಕೇಳಿದಳು: "ಉಸ್ತೆದ್ ತೊಸೆರಿಯಾ?" ತಾವು ಕೆಮ್ಮುತ್ತಿದ್ದಿರಾ ಅಂತ.

ಭರಮವ್ವ ತಲೆಯೆತ್ತಿದಳು. ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು.

"ಯವ್ವಾ, ನಮ್ಮ ಕುಲ್ಸುಮನ ಮಗಳನ್ನ ನೋಡ್ರೇ! ಇದರ ಕುಂಡಿ ತೊಳದೇನಿ ನಾನು, ಈಗ ನನಗ ಉಸ್ತೇದ ಗಿಸ್ತೇದ ಅನ್ನಾಕ ಬಂತು!"

ಸಾಲಿಗೆ ಸಾಲೇ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಭರಮವ್ವ. ನಗುವ ರಭಸಕ್ಕೆ ದವಡೆಯಲ್ಲಿದ್ದ ಬೆಲ್ಲ ಗಂಟಲಿಗಿಳಿಯಿತು, ನಗುವಿನ ಹಿಂದೆಯೇ ಕೆಮ್ಮು ಬಂತು. ಅವಳದು ಮಗ್ಗುಲಿನ ದೇವವ್ವನಿಗೆ ಹತ್ತಿತು, ದೇವವ್ವನದು ಪಕ್ಕದವಳಿಗೆ, ಹೀಗೆ ಹದಿನಾಲ್ಕು ಮಂದಿಯನ್ನು ದಾಟಿ ಬಾಗಿಲಿನತನಕ ಹೋಯಿತು.

ಪುಂಡಲೀಕ ಕೈಯೆತ್ತಿ ಎಣಿಸುತ್ತಿದ್ದ. "ಈ ಹದಿನಾಲ್ಕು ಮಂದಿ ಮುಂದಿನ ವಾರ ಮನ್ಯಾಗ ಇರ್ರಿ. ಭರಮವ್ವಾ, ನೀ ನಾಳಿಂದ ಬರಬ್ಯಾಡ."

"ಎಷ್ಟ ದಿನಾ ಯಪ್ಪಾ?"

"ಬರಬ್ಯಾಡ ಅಂದೆ."

ನಸ್ರೀನ್ ಅಲ್ಲೇ ನಿಂತಿದ್ದಳು, ಕನ್ನಡಕ ತೆಗೆಯದೆ. ಕನ್ನಡಕದ ಒಳಗೇನಾಯಿತು ಎಂದು ನಾನು ಬರೆಯುವುದಿಲ್ಲ. ಬರೆಯಬೇಡಿ ಎಂದು ಅವಳೇ ಹೇಳಿದ್ದಾಳೆ.

4

ಇಲ್ಲಿ ನಾನೊಂದು ಭರ್ಜರಿ ದೃಶ್ಯ ಬರೆದಿದ್ದೆ. ನಸ್ರೀನ್ ಕನ್ನಡಕ ಕಿತ್ತು ಪುಂಡಲೀಕನ ಮುಖಕ್ಕೆ ಎಸೆಯುತ್ತಾಳೆ. ಹೆಣ್ಣುಮಕ್ಕಳೆಲ್ಲ ಎದ್ದು ನಿಲ್ಲುತ್ತಾರೆ. ಹೊರಗೆ ಗುಡುಗು. (ಮಾರ್ಚ್ ತಿಂಗಳಲ್ಲಿ.)

ನಸ್ರೀನ್ ಅದನ್ನು ಓದಿ, ಕಾಗದವನ್ನು ನನ್ನ ಕಡೆಗೇ ಸರಿಸಿದಳು.

"ಅಕ್ಕಾರ, ಕಾಗದದ ಮ್ಯಾಲ ಕನ್ನಡಕ ಒಗಸ್ತೀರಿ. ಮರುದಿನ ನಾ ಎಲ್ಲಿ ಕೆಲಸ ಕೇಳಾಕ ಹೋಗಲಿ, ನಿಮ್ಮ ಓದುಕೂಟಕ್ಕ?"

"ಹಂಗಲ್ಲ ನಸ್ರೀನ್, ಪ್ರತಿಭಟನೆ ಅಂದರೆ..."

"ನೀವು ಯಾವುದಕ್ಕರ ರಾಜೀನಾಮಿ ಕೊಟ್ಟೀರೇನ್ರಿ?"

ನಾನು ಓದುಕೂಟದ ಕಾರ್ಯದರ್ಶಿ ಸ್ಥಾನಕ್ಕೆ ಒಮ್ಮೆ ಕೊಟ್ಟಿದ್ದೆ. ಅದನ್ನು ಅವರು ಅಂಗೀಕರಿಸಲಿಲ್ಲ. ಈ ಸಂಗತಿಯನ್ನು ಅವಳಿಗೆ ಹೇಳುವ ಧೈರ್ಯ ಬರಲಿಲ್ಲ.

ಅವಳು ನಿಜವಾಗಿ ಮಾಡಿದ್ದು ಇಷ್ಟು: ಅವ್ವನನ್ನು ಕರಕೊಂಡು ಭರಮವ್ವನ ಮನೆಗೆ ಹೋದಳು. ಭರಮವ್ವ ಕಟ್ಟೆಯ ಮೇಲೆ ಕುಂತಿದ್ದಳು. ಮನೆಯಲ್ಲಿದ್ದ ಒಣಕಾಯಿಯ ತುಂಬೆಲ್ಲ ಬಿಡಿಸಿ ಮುಗಿದು, ಬದನೆಕಾಯಿಯ ತುಂಬೂ ಮುಗಿದು, ಈಗ ಹಸಿಮೆಣಸಿನಕಾಯಿಗೆ ಕೈಹಾಕಿದ್ದಳು. "ಈ ಹೆಬ್ಬಟ್ಟ ಸುಮ್ನ ಕುಂದ್ರಂಗಿಲ್ಲ ನೋಡು ಕುಲ್ಸುಮ," ಅಂದಳು. "ಕುಂದ್ರಿ, ಚಾ ಮಾಡ್ತೇನಿ. ಕಂಬದ ಬುಡಕ ಈಗ ಯಾರನ್ನ ಕುಂದ್ರಿಸ್ಯಾರ?"

"ನಾಗಲಕ್ಷ್ಮಿ ಅಂತ. ಮಾಲೀಕರ ತಮ್ಮನ ಹೇಣ್ತಿ," ನಸ್ರೀನ್ ಅಂದಳು. ಕೆಮ್ಮುವವರ ಜಾಗದಲ್ಲೆಲ್ಲ ಪುಂಡಲೀಕ ತನ್ನ ಮನೆಯವರನ್ನೂ ಬೀಗರನ್ನೂ ತುಂಬಿದ್ದ. ತಲೆಗೆ ಟೊಪ್ಪಿಗೆ, ಮೂಗಿಗೆ ಮಾಸ್ಕು, ಕೈಗೆ ಗ್ಲೌಸು.

"ಹನ್ನೊಂದಕ್ಕ ಅಲ್ಲಿ ಬಿಸಲು ಕಣ್ಣಿಗೇ ಬಡೀತೈತಿ. ಒಂದೀಟ ಎಡಕ್ಕ ಸರದ ಕುಂದ್ರು ಅಂತ ಹೇಳವ್ವಾ ಆಕಿಗಿ."

ಕುಲ್ಸುಮಬಿ ತಡೆಯಲಾರದೆ, "ಒಂದ ಮಾತು ತಪ್ಪಾತು ಅಂದುಬಿಡಲ್ಲ, ಭರಮಿ. ಮತ್ತ ಕರಕೋತಾರ," ಅಂದಳು.

"ಏನಂತ ಅನ್ನಲಿ? ನನಗ ಗಂಟಲ ಐತಿ, ತಪ್ಪಾತು ಅನ್ಲೇನು?" ಚಹದ ಪಾತ್ರೆ ಇಳಿಸಿ, ಮೂರು ಲೋಟಕ್ಕೆ ಸೋಸಿದಳು. "ನನಗ ನನ್ನ ಜಾಗಾ ಬೇಕು. ಅಷ್ಟ. ಮೂವತ್ತೊಂದು ವರ್ಷಾತು, ಮನ್ಯಾಗಿನ ಗ್ವಾಡಿಗಿ ಒರಗಿದ್ರ ಬೆನ್ನಿಗಿ ಚುಚ್ಚತೈತಿ."

ನಸ್ರೀನಳ ನೋಟುಬುಕ್ಕಿನಲ್ಲಿ ಆ ದಿನದ ತಾರೀಖಿನ ಕೆಳಗೆ ಮೂರು ಸಾಲು ಇದೆ. ನಾನು ಕೇಳದಿದ್ದರೆ ಅವಳು ನಗುತ್ತಿರಲಿಲ್ಲ. ನಗದಿದ್ದರೆ ಕೆಮ್ಮುತ್ತಿರಲಿಲ್ಲ. ಕೆಮ್ಮದಿದ್ದರೆ ಕುಂತಿರುತ್ತಿದ್ದಳು. ಮೂರೂ ಸ್ಪ್ಯಾನಿಶಿನಲ್ಲಿ. ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಲು ಅವಳಿಗೆ ಕೈ ಬರಲಿಲ್ಲ. ಅವೆರಡೂ ಮನೆಯ ಭಾಷೆ.

ಅದನ್ನು ಓದಿ ಅರ್ಥ ಹೇಳಿದಾಗ ಭರಮವ್ವ ಬೈದಳು. "ನಕ್ಕಿದ್ದು ನಾನು. ಅದರ ಪಾಲೂ ನೀನ ತಗೋತೀಯೇನು? ಅದನ್ನರ ನನಗ ಬಿಡು."

5

(ಖಾಲಿ.)

6

ಜಾಗತೀಕರಣ ಬಂತು. ಹತ್ತೂವರೆ ಅಂದದ್ದು ಹನ್ನೊಂದೂಕಾಲಕ್ಕೆ.

ಹೆಸರು ಇನ್ಮಾ. ಐವತ್ತೈದರ ಹೆಂಗಸು, ಮೊಣಕಾಲುದ್ದದ ಪ್ಯಾಂಟು, ಗದ್ದೆಗೆ ಹೋಗುವವರ ಹಾಗೆ ಗಟ್ಟಿ ಬೂಟು. ಕಪ್ಪು ಕನ್ನಡಕ ಇರಲಿಲ್ಲ. ಪುಂಡಲೀಕ ಹಾರ ಹಾಕಿದ, ಏಲಕ್ಕಿ ಹಾರ. ಅದನ್ನು ಮೂಸಿ ನೋಡಿ ನಕ್ಕು, ತೆಗೆದು, ನಸ್ರೀನಳ ಕೊರಳಿಗೇ ಹಾಕಿಬಿಟ್ಟಳು. ಪುಂಡಲೀಕನಿಗೆ ಅದು ಹಿಡಿಸಲಿಲ್ಲ.

ಶೆಡ್ಡು ಆಸ್ಪತ್ರೆಯಂತಿತ್ತು. ಬಿಳಿ ಟೊಪ್ಪಿಗೆಯ ಸಾಲು. ಚೀಲಗಳ ಮೇಲೆ ನೀರು ಚಿಮುಕಿಸಿ ಧೂಳು ಕೂರಿಸಿದ್ದರು. ಯಾರೂ ಕೆಮ್ಮಲಿಲ್ಲ. ಯಾರೂ ಮಾತೂ ಆಡಲಿಲ್ಲ. ಎಲ್ಲರ ದವಡೆಯಲ್ಲೂ ಒಂದೊಂದು ಲಿಂಬಿಹಣ್ಣಿನಷ್ಟು ಬೆಲ್ಲ.

ಇನ್ಮಾ ಒಂದು ಚೀಲ ಎಳೆದುಕೊಂಡು ನಾಗಲಕ್ಷ್ಮಿಯ ಎದುರಿಗೇ ನೆಲದ ಮೇಲೆ ಕುಂತಳು. ಒಂದು ಕಾಯಿ ತೆಗೆದುಕೊಂಡು, ಹೆಬ್ಬೆರಳ ಉಗುರಿನಿಂದ ಒಂದು ಸಣ್ಣ ತಿರುವು. ಚಟ್. ಕಾಯಿ ಒಡೆಯಲಿಲ್ಲ, ಬೀಜ ಚೆಲ್ಲಲಿಲ್ಲ. ನಸ್ರೀನ್ ಬೆಚ್ಚಿದಳು. ಸ್ಪೇನಿನ ಒಂದು ಹಳ್ಳಿಯಲ್ಲಿ ಇನ್ಮಾಳ ಅಜ್ಜಿಯೂ ಇದೇ ಕೆಲಸದವಳಂತೆ. ಎದುರಿಗೆ ನಾಗಲಕ್ಷ್ಮಿ ಗ್ಲೌಸಿನ ಬೆರಳಿನಿಂದ ಕಾಯಿಯನ್ನು ನಡುವಿಗೇ ಮುರಿದು, ಬೀಜ ಚೆಲ್ಲಿ, ಕಣ್ಣಿಗೆ ಬಡಿದ ಬಿಸಿಲಿಗೆ ಮುಖ ಕಿವುಚಿಕೊಂಡಿದ್ದಳು. ಎಡಕ್ಕೆ ಸರಿ ಎಂದು ಯಾರೂ ಹೇಳಿರಲಿಲ್ಲ.

ಐದು ನಿಮಿಷ ಕಳೆದ ಮೇಲೆ ಇನ್ಮಾ ಮೆಲ್ಲಗೆ ಏನೋ ಅಂದಳು.

"ಏನಂತ?" ಪುಂಡಲೀಕ ಬಾಗಿದ.

"ಇಲ್ಲಿ ಯಾರೂ ಕೆಮ್ಮವೊಲ್ರು ಅಂತಾಳ್ರಿ."

ಪುಂಡಲೀಕನ ಎದೆ ಉಬ್ಬಿತು. "ಹೇಳು, ಹೇಳು, ನಮ್ಮಲ್ಲಿ ಧೂಳ ಅನ್ನೂದ ಇಲ್ಲ ಅಂತ."

ನಸ್ರೀನ್ ಹೇಳಿದಳು. ಇನ್ಮಾ ಕೈಯಲ್ಲಿದ್ದ ಕಾಯಿಯನ್ನು ಅಲುಗಾಡಿಸಿ ಬೀಜದ ಸದ್ದು ಕೇಳಿ, ಇನ್ನೊಂದು ಮಾತಾಡಿದಳು. ನಸ್ರೀನ್ ಅದನ್ನು ಕನ್ನಡಕ್ಕೆ ತಂದಳು:

"ಮೆಣಸಿನಕಾಯಿ ಶೆಡ್ಡಿನ್ಯಾಗ ಯಾರೂ ಕೆಮ್ಮಲಿಲ್ಲಂದ್ರ, ಒಂದೋ ಕಾಯಿ ಸುಳ್ಳು, ಇಲ್ಲಾ ಮಂದಿ ಸುಳ್ಳು ಅಂತಾಳ್ರಿ. ಕಾಯಿ ಅಂತೂ ಖರೇ ಐತಂತ."

ಪುಂಡಲೀಕನ ಎದೆ ಇಳಿಯಿತು.

"ಖರೇ ಮಂದಿ ಎಲ್ಲ್ಯದಾರ, ಅವರನ್ನ ನೋಡಬೇಕು ಅಂತಾಳ್ರಿ. ಇಲ್ಲಾಂದ್ರ ಕಾಯಿ ಬ್ಯಾಡಂತ."

(ಮೂವತ್ತು ವರ್ಷ ಕೆಮ್ಮಿಸಿ, ಎಂಟು ದಿನದಲ್ಲಿ ಕೆಮ್ಮನ್ನು ಇಷ್ಟು ಚೆನ್ನಾಗಿ ಗುಡಿಸಿ ಹಾಕಿದ್ದರಲ್ಲ, ಆ ಗುಡಿಸಿದ ಗುರುತೇ ಎದ್ದು ಕಾಣುತ್ತಿತ್ತು. ಇಂಥ ತಪ್ಪನ್ನು ನಾನು ಕಟ್ಟಿ ಹೇಳಿದ್ದರೆ ಹನುಮಪ್ಪ ಮಾಸ್ತರರು ಅತಿಶಯ ಅನ್ನುತ್ತಿದ್ದರು.)

ಅವರನ್ನು ಕರೆತರಲು ಟಂಟಂ ಆಟೋ ಓಡಿತು. ಅರ್ಧ ಗಂಟೆಯಲ್ಲಿ ದೇವವ್ವ ಬಂದಳು, ಉಳಿದವರೂ ಒಬ್ಬೊಬ್ಬರೇ ಬಂದರು. ಕೊನೆಗೆ ಭರಮವ್ವ. ಬಾಗಿಲಲ್ಲಿಯೇ ಪುಂಡಲೀಕ ಅವಳನ್ನು ಅಡ್ಡಗಟ್ಟಿ, ದನಿ ಇಳಿಸಿ, ಕೈ ಮುಗಿದಂತೆ ಮಾಡಿ ಅಂದ:

"ಭರಮವ್ವಾರ, ಬರ್ರಿ. ನಿಮ್ಮ ಜಾಗಾದಾಗ ಕುಂದ್ರಿ. ನಾಳಿಂದ ಕೆಲಸಕ್ಕೂ ಬರ್ರಿ. ಈಗ ಒಂದೀಟ ಕೆಮ್ಮರಿ."

"ಏನಂದಿ?"

"ಕೆಮ್ಮರಿ. ಆವತ್ತ ಕೆಮ್ಮಿದ್ರಲ್ಲ, ಹಂಗ. ಚಲೋತ್ನಂಗ."

ಭರಮವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನಡೆದು ಹೋಗಿ ಕಂಬದ ಬುಡದಲ್ಲಿ ನಿಂತಳು. ನಾಗಲಕ್ಷ್ಮಿ ತಾನಾಗಿಯೇ ಎದ್ದಳು; ಬಿಸಿಲಿಗೆ ಅವಳಿಗೂ ಸಾಕಾಗಿತ್ತು. ಭರಮವ್ವ ಕುಂತು, ಬೆನ್ನು ಒರಗಿಸಿ, ಒಂದೀಟು ಎಡಕ್ಕೆ ಸರಿದು, ಚೀಲಕ್ಕೆ ಕೈಹಾಕಿದಳು.

"ಕೆಮ್ಮೂದಿಲ್ಲ," ಅಂದಳು.

5, ಈಗ

ಇಲ್ಲಿ ನಾನು ಮಧ್ಯೆ ಬಂದೆ. ಬರದೆ ಇರುವುದು ಹೇಗೆ? ಮೂರು ಮುಕ್ತಾಯ ಕಿಸೆಯಲ್ಲಿಟ್ಟುಕೊಂಡು ಕಾಯುತ್ತಿದ್ದೆ.

ಒಂದು: ಭರಮವ್ವ ಕೆಮ್ಮುತ್ತಾಳೆ. ಜಾಗ ಸಿಗುತ್ತದೆ. ಎಲ್ಲರಿಗೂ ಸಂತೋಷ. (ವಾರಪತ್ರಿಕೆಗೆ ಆಗುತ್ತದೆ.)

ಎರಡು: ಭರಮವ್ವ ಕೆಮ್ಮುತ್ತಾಳೆ, ಅದು ಸಾಲಿನಿಂದ ಸಾಲಿಗೆ, ಶೆಡ್ಡಿನಿಂದ ಶೆಡ್ಡಿಗೆ ಹತ್ತಿ, ಇಡೀ ಬ್ಯಾಡಗಿ ಒಂದೇ ಗಂಟಲಾಗಿ ಕೆಮ್ಮುತ್ತದೆ, ತಗಡು ಹಾರುತ್ತವೆ. (ಓದುಕೂಟದಲ್ಲಿ ಚಪ್ಪಾಳೆ. ಹನುಮಪ್ಪ ಮಾಸ್ತರರ ಕಣ್ಣಲ್ಲಿ ನೀರು.)

ಮೂರು: ಕೆಮ್ಮಿ ಕೆಮ್ಮಿ ಅಲ್ಲೇ ಒರಗುತ್ತಾಳೆ. (ಪ್ರಶಸ್ತಿ.)

ಎರಡನೆಯದನ್ನು ಆರಿಸಿ ಬರೆದೆ: ಭರಮವ್ವ ಕೆಮ್ಮಿದಳು...

"ಅಳಿಸದನ್ನ," ಅಂದಳು ಭರಮವ್ವ. ಕೈ ನಿಲ್ಲಿಸದೆ, ನನ್ನ ಮುಖ ನೋಡದೆ.

"ಇದು ಹಾಗಲ್ಲ ಭರಮವ್ವಾ, ಇದು ಆ ಕೆಮ್ಮಲ್ಲ, ಇದು ಪ್ರತಿರೋಧದ..."

"ಅಂವಾ ಮೊದಲ ಕೆಮ್ಮಬ್ಯಾಡ ಅಂದ, ಈಗ ಕೆಮ್ಮು ಅಂತಾನ. ನೀ ಅಂತೂ ಮೊದಲ್ನೇ ಸಾಲಿನಿಂದ ನಾ ಯಾವಾಗ ಕೆಮ್ಮತೇನಿ ಅಂತ ಕಾಯಾಕತ್ತೀದಿ. ನಿಮ್ಮಿಬ್ಬರಿಗೂ ನನ್ನ ಕೆಮ್ಮ ಬೇಕಾಗೈತಿ. ನಾ ಯಾರಿಗಿ ಬೇಕಾಗೇನಿ ಹೇಳು?"

ಅಳಿಸಿದೆ.

ಪುಂಡಲೀಕ ನನಗಿಂತ ಚುರುಕು. ಕೆಮ್ಮು ಸಿಗದಿದ್ದರೆ ಕೆಮ್ಮದಿರುವುದನ್ನೇ ಮಾರಿದರಾಯಿತು. ನಸ್ರೀನಳ ಕಡೆ ತಿರುಗಿ, "ನೋಡು, ಹಿಂಗ ಹೇಳು," ಅಂದ. "ಈಕಿ ನಮ್ಮ ಭಾಳ ಹಳೇ ಹೆಣ್ಮಗಳು. ಧೂಳಿದ್ದಿದ್ರ ಈಕಿ ಕೆಮ್ಮತಿದ್ದಳು. ಕೆಮ್ಮವೊಲ್ಲಳು, ಅಂದ್ರ ಧೂಳಿಲ್ಲ. ಆರು ತಿಂಗಳ ಕಲತೀಯಲ್ಲ, ಹೇಳು."

ವಾಕ್ಯ ನಸ್ರೀನಳ ತಲೆಯಲ್ಲಿ ಸಿದ್ಧವಾಗಿಯೇ ಇತ್ತು. ಸಿ ಉಬಿಯೆರಾ ಪೋಲ್ವೊ, ತೊಸೆರಿಯಾ. ತಪ್ಪಿಲ್ಲದ ವಾಕ್ಯ. ಮಧು ಸರ್ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ಬಾಯಿ ತೆರೆದಳು.

ಅಷ್ಟರಲ್ಲಿ ಇನ್ಮಾ ಕೆಮ್ಮಿದಳು.

ಗಂಟೆಯಿಂದ ಮಾಸ್ಕಿಲ್ಲದೆ ತುಂಬು ಬಿಡಿಸುತ್ತ ಕುಂತ ಹೆಂಗಸು. ಒಮ್ಮೆ ಕೆಮ್ಮಿದಳು, ಬಾಯಿಗೆ ತೋಳು ಅಡ್ಡ ಹಿಡಿದು ಮತ್ತೊಮ್ಮೆ, ಆಮೇಲೆ ನಿಲ್ಲಲೇ ಇಲ್ಲ. ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಪುಂಡಲೀಕ "ಬಿಸಲೇರಿ, ಬಿಸಲೇರಿ!" ಎಂದು ಬಾಟಲಿಗೆ ಓಡಿದ. (ಆ ಕೆಮ್ಮನ್ನು ನಾನು ಬರೆದಿಲ್ಲ. ನನ್ನ ಮೂರು ಮುಕ್ತಾಯಗಳಲ್ಲಿ ಎಲ್ಲೂ ಅದು ಇರಲಿಲ್ಲ.)

ಭರಮವ್ವ ಮುಖ ಎತ್ತಲಿಲ್ಲ. ಎಡಗೈಯಿಂದ ಸೆರಗಿನ ಗಂಟು ಬಿಚ್ಚಿ, ಒಂದು ಬೆಲ್ಲದ ಹಳಕನ್ನು ಇನ್ಮಾಳ ಮುಂದೆ ಇಟ್ಟಳು. ಬಲಗೈ ಚೀಲದಲ್ಲೇ ಇತ್ತು.

ಇನ್ಮಾ ಅದನ್ನು ನೋಡಿದಳು. ಕೇಳಲಿಲ್ಲ, ಬೇಡ ಅನ್ನಲಿಲ್ಲ. ದವಡೆಗಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಉಸಿರು ಹತೋಟಿಗೆ ಬಂತು. ತನ್ನ ಅಜ್ಜಿ ಹೀಗೆಯೇ ಒಣ ಅಂಜೂರದ ತುಂಡು ಇಟ್ಟುಕೊಳ್ಳುತ್ತಿದ್ದಳು ಅಂದಳು. ಆಮೇಲೆ ಸಾಲಿನ ಕಡೆ ತಿರುಗಿ, ಟೊಪ್ಪಿಗೆಯವರನ್ನಲ್ಲ, ಈಗಷ್ಟೇ ಬಂದು ಕುಂತ ಹದಿನೈದು ಮಂದಿಯನ್ನು ನೋಡುತ್ತ ಕೇಳಿದಳು:

"ತೊಸೆರಿಯಾಇಸ್?"

ನಸ್ರೀನ್ ಆ ಶಬ್ದವನ್ನು ಜೀವಮಾನದಲ್ಲಿ ಕೇಳಿರಲಿಲ್ಲ. ಕೇಳಿದ ಕೂಡಲೇ ಗುರುತು ಸಿಕ್ಕಿತು. ನೋಟುಬುಕ್ಕಿನ ಖಾಲಿ ಸಾಲು. ನೀವೆಲ್ಲರೂ. ನಾನಿಲ್ಲಿ ಇಲ್ಲದಿದ್ದರೆ, ಅಥವಾ ಇವರು ಕೆಮ್ಮಬೇಡಿ ಅನ್ನದಿದ್ದರೆ, ನೀವೆಲ್ಲರೂ ಕೆಮ್ಮುತ್ತಿದ್ದಿರಾ?

(ಓದುಗರೇ, ನಿಮ್ಮನ್ನೂ ಸೇರಿಸಿಯೇ ಕೇಳಿದಳು. ಭರಮವ್ವ ಕೆಮ್ಮಲಿ ಎಂದು ನೀವೂ ಕಾಯುತ್ತಿದ್ದಿರಿ. ಸುಳ್ಳು ಹೇಳಬೇಡಿ.)

"ಏನಂತ? ಏನಂತ?" ಪುಂಡಲೀಕ ಬಾಟಲಿ ಹಿಡಿದು ಬಂದ. "ನಾ ಹೇಳಿದ್ದ ಹೇಳಿದೇನು?"

ನಸ್ರೀನ್ ಕೊರಳಿನ ಏಲಕ್ಕಿ ಹಾರ ತೆಗೆದು ಚೀಲದ ಮೇಲಿಟ್ಟಳು. ಮೊಣಕಾಲೂರಿ, ತಾನು ಚಿಕ್ಕವಳಿದ್ದಾಗ ಮಲಗುತ್ತಿದ್ದ ಜಾಗದಲ್ಲಿ, ಭರಮವ್ವನ ಪಕ್ಕ ಕುಂತಳು. ಅವಳ ಭುಜ ಮುಟ್ಟಿ ಇನ್ಮಾಳಿಗೆ ಎರಡೇ ವಾಕ್ಯ ಹೇಳಿದಳು. ಇದ್ದರೆ ಇಲ್ಲ, ಆದರೆ ಇಲ್ಲ, ಬಾಲವಿಲ್ಲ. "ತೊಸ್ಯೋ. ಲಾ ಎಚಾರೋನ್."

ಕನ್ನಡದಲ್ಲಿ ಏನೆಂದು ನಿಮಗಾಗಲೇ ಗೊತ್ತು. ಈ ಕಥೆಯ ಮೊದಲ ಸಾಲು ನನ್ನದಲ್ಲ. ಅವಳದು.

ಇನ್ಮಾ ತಲೆಯಾಡಿಸಿದಳು. ಕಾಗದ ತೆಗೆದಳೇ, ಸಿಟ್ಟಾದಳೇ, ಒಪ್ಪಂದ ಮುರಿದಳೇ? ಏನೂ ಇಲ್ಲ. ಇನ್ನೊಂದು ಕಾಯಿ ಎತ್ತಿಕೊಂಡಳು, ಅಷ್ಟೇ. ಚಟ್. ಎದುರಿಗೆ ಭರಮವ್ವ. ಚಟ್. ಪುಂಡಲೀಕನಿಗೆ ಭಾಷೆ ತಿಳಿಯಲಿಲ್ಲ, ಆದರೆ ಮೋರೆ ಓದಲು ಬರುತ್ತಿತ್ತು. ಅವನ 'ರಿ' ಕಳಚಿ ಬಿತ್ತು.

"ಏ ಭರಮವ್ವಾ, ಏಳಿನ್ನ. ಸಾಕು. ನಡಿ ಮನಿಗಿ."

ಭರಮವ್ವನ ಕೈ ನಿಲ್ಲಲಿಲ್ಲ.

ನಾನೂ ಏಳು ಎಂದೆ, ಬೇರೆ ಕಾರಣಕ್ಕೆ. ಕಥೆ ಇಷ್ಟುದ್ದವಾಯಿತು, ಮುಗಿಸಬೇಕು. ಅವಳು ಎದ್ದರೆ ಒಂದು ನಮೂನೆ ಕೊನೆ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು ಎಂದು ಬರೆದು ಪೆನ್ನು ಮುಚ್ಚಬಹುದು. ಹೊರಗೆ ಓದುಗರೂ ಊಟಕ್ಕೆ ಹೋಗಬೇಕು. "ಏಳು ಭರಮವ್ವಾ," ಎಂದೆ, "ನಿನ್ನ ಜಾಗದ ವಿಷಯ ಏನಾಯಿತು ಅಂತ ಓದುಗರೇ ಊಹಿಸಿಕೊಳ್ಳಲಿ."

ಆಗ ಅವಳು, ಕುಂತ ಮೇಲೆ ಮೊದಲ ಸಲ, ತಲೆಯೆತ್ತಿ, ಅವನನ್ನೂ ನನ್ನನ್ನೂ ಒಂದೇ ಕಣ್ಣಿನಿಂದ ನೋಡಿದಳು. ಕೆಮ್ಮು ತಡೆದು ಉಸಿರು ಬಿಗಿದಿತ್ತು. ಕತ್ತಿನ ನರ ಎದ್ದಿತ್ತು. ಮುಖ ನೋಡದೆ ನಸ್ರೀನ್ ಅವಳ ಮುಂದೆ ಒಂದು ಹಳಕು ಬೆಲ್ಲ ಇಟ್ಟಳು.

"ಇನ್ನೂ ಒಂದ ಚೀಲ ಐತಿ," ಅಂದಳು ಭರಮವ್ವ. "ನಾ ಏಳೂದಿಲ್ಲ."